ಆಡಿಟರ್ ಮನೆಯ ನಾಯಿ

ನಾನು ಆಡಿಟರ್. 22 ವರ್ಷದಿಂದ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ನೂರು ಪುಟ ಸರಿಯಿದ್ದರೂ ನನ್ನ ಕಣ್ಣು ಹೋಗಿ ನಿಲ್ಲುವುದು ನೂರಾ ಒಂದನೇ ಪುಟದ ತಪ್ಪಿನ ಮೇಲೆ. ಇದೇ ಕಣ್ಣಿನಿಂದ ನಾಯಿಯನ್ನೂ ಸಾಕಲು ಹೋದೆ. ಅದು ಎಲ್ಲಿಗೆ ಮುಟ್ಟಿತು, ಅಲ್ಲಿಂದ ಹೇಗೆ ಹಿಂದೆ ಬಂದೆವು ಅನ್ನುವುದನ್ನು ಬರೆಯುತ್ತಿದ್ದೇನೆ. ನಿಮ್ಮ ನಾಯಿಗೆ ಕಲಿಸಲು ಹೊರಟಿದ್ದರೆ, ನಾನು ಸುತ್ತಿದ ಸುತ್ತು ನಿಮಗಾದರೂ ಉಳಿಯಲಿ.

ಶಾಯಿ ಬಂದಾಗ ಅವಳಿಗೆ ಸುಮಾರು 2 ವರ್ಷ. ಮೈಯೆಲ್ಲಾ ಕಪ್ಪು, ಅದಕ್ಕೇ ಮಗಳು ಇಟ್ಟ ಹೆಸರು. ಮನೆಯೊಳಗೆ ಪಾಪದವಳು. ಹೊರಗೆ ಸೈಕಲ್ ಕಂಡರೆ ಮುಗಿಯಿತು, ನನ್ನ ತೋಳು ಕಿತ್ತು ಬರುವ ಹಾಗೆ ಎಳೆದು ಗಂಟಲು ಹರಿಯುವ ಹಾಗೆ ಬೊಗಳುತ್ತಿದ್ದಳು. ಒಬ್ಬ ಟ್ರೇನರ್ ಸಿಕ್ಕರು. "ನಾಯಿಗೆ ನೀವು ಯಜಮಾನರು ಅಂತ ಗೊತ್ತಾಗಬೇಕು ಮೇಡಂ" ಅಂದರು. ಕತ್ತಿಗೆ ಬಿಗಿಯುವ ಚೈನ್ ಹಾಕಿಸಿದರು. ಬೊಗಳಿದಾಗ ಜಗ್ಗಬೇಕು, ಗುರ್ ಅಂದಾಗ ಇನ್ನೂ ಜೋರಾಗಿ ಜಗ್ಗಬೇಕು. ಮೂರು ವಾರದಲ್ಲಿ ಶಾಯಿ ಗುರ್ ಅನ್ನುವುದನ್ನು ಬಿಟ್ಟಳು. ನಾನು ಖುಷಿಯಿಂದ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಅದಾಗಿ ಒಂದು ವಾರಕ್ಕೆ ಹತ್ತಿರದಲ್ಲೇ ಒಂದು ಸೈಕಲ್ ಹಾದುಹೋಯಿತು. ಶಾಯಿ ಬೊಗಳಲಿಲ್ಲ, ಗುರ್ ಅನ್ನಲಿಲ್ಲ. ನಾನು ಚೈನ್ ಜಗ್ಗಿದೆ. ಅವಳು ಸುಮ್ನೆ ತಿರುಗಿ ನನ್ನ ಮಣಿಕಟ್ಟಿಗೆ ಬಾಯಿ ಹಾಕಿದಳು. ಎರಡು ಹಲ್ಲು ಊರಿದ್ದವು. (ನಾಯಿ ಕಚ್ಚಿದರೆ, ಅದು ಮನೆಯ ನಾಯಿಯೇ ಆಗಿರಲಿ, ಚುಚ್ಚುಮದ್ದು ಆಗಿರುವ ನಾಯಿಯೇ ಆಗಿರಲಿ, ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾನೂ ಹೋದೆ.)

ಆಮೇಲೆ ಗೊತ್ತಾಯಿತು. ಗುರ್ ಅನ್ನುವುದು ನಾಯಿ ಕೊಡುವ ನೋಟಿಸು. "ನನಗೆ ಆಗುತ್ತಿಲ್ಲ, ದೂರ ಹೋಗು" ಅನ್ನುವುದಕ್ಕೆ ಅದರ ಹತ್ತಿರ ಇರುವ ಸ್ಪಷ್ಟವಾದ ಮಾತು ಅದು. ಶಾಯಿ ನೋಟಿಸು ಕೊಡುವುದನ್ನು ನಾವು ನಿಲ್ಲಿಸಿದ್ದೆವು. ಭಯ ಹಾಗೇ ಇತ್ತು. ಸೈಕಲ್ ಬಂದಾಗಲೆಲ್ಲ ಕತ್ತು ನೋಯುತ್ತದೆ ಅನ್ನುವ ಹೊಸ ಲೆಕ್ಕವೂ ಅದರ ಜೊತೆ ಸೇರಿಕೊಂಡಿತ್ತು.

ಈ ಯಜಮಾನಿಕೆಯ ಕಥೆ ಎಲ್ಲಿಂದ ಬಂತು ಅಂತ ಕೆದಕಿದೆ. ಕೆದಕದೆ ಬಿಡುವ ಜಾಯಮಾನ ನನ್ನದಲ್ಲ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಹೊಡೆದಾಡುತ್ತವೆ ಅಂತ ಬರೆದರು. 1970ರಲ್ಲಿ ಡೇವಿಡ್ ಮೆಕ್ ಅನ್ನುವ ತೋಳ ತಜ್ಞರ ಪುಸ್ತಕದಿಂದ 'ಆಲ್ಫಾ', ಅಂದರೆ ಗುಂಪಿನ ಯಜಮಾನ, ಅನ್ನುವ ಮಾತು ಮನೆಮನೆಗೆ ಮುಟ್ಟಿತು. ಆದರೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ, 1999ರಲ್ಲಿ ತಾವೇ ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಹೆಚ್ಚಾಗಿ ಅಪ್ಪ, ಅಮ್ಮ, ಮರಿಗಳು. ಅಲ್ಲಿ ಪಟ್ಟಕ್ಕಾಗಿ ಜಗಳ ಇಲ್ಲ. ತಮ್ಮ ಹಳೆಯ ಪುಸ್ತಕ ಅಚ್ಚು ಮಾಡುವುದನ್ನು ನಿಲ್ಲಿಸಿ ಅಂತ ಪ್ರಕಾಶಕರನ್ನು ಅವರೇ ಕೇಳಿಕೊಂಡರು. ತಪ್ಪನ್ನು ತಾನೇ ಹುಡುಕಿ ತಾನೇ ಒಪ್ಪಿಕೊಂಡವರು ಅಂದರೆ ನನಗೆ ಬಹಳ ಗೌರವ. ಅಷ್ಟಕ್ಕೂ ನಾಯಿ ತೋಳ ಅಲ್ಲ, ನಾವಂತೂ ತೋಳ ಅಲ್ಲವೇ ಅಲ್ಲ.

ಪ್ರಾಣಿಗಳ ನಡವಳಿಕೆ ಓದಿರುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ನೇರವಾಗಿಯೇ ಹೇಳಿದೆ: ಯಾವ ನಾಯಿಗಾದರೂ, ಎಂಥ ತೊಂದರೆಗಾದರೂ, ಬಹುಮಾನ ಕೊಟ್ಟು ಕಲಿಸುವ ದಾರಿಯನ್ನೇ ಹಿಡಿಯಿರಿ. ಶಾಕ್ ಕೊಡುವ ಕಾಲರನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ.

ಮೊದಲು ಡಾಕ್ಟರು, ಆಮೇಲೆ ಟ್ರೇನರು

ಕಚ್ಚಿದ ಮೇಲೆ ನಾನು ಮಾಡಿದ ಮೊದಲ ಸರಿಯಾದ ಕೆಲಸ ಅಂದರೆ ಶಾಯಿಯನ್ನು ಪಶುವೈದ್ಯರಿಗೆ ತೋರಿಸಿದ್ದು. ಅವಳ ಎಡಕಿವಿಯ ಒಳಗೆ ಸೋಂಕಿತ್ತು. ಚೈನ್ ಜಗ್ಗಿದಾಗಲೆಲ್ಲ ಆ ಕಿವಿಯ ಬುಡಕ್ಕೇ ಪೆಟ್ಟು. ಕಾಲರ್ ಹಾಕಲು ಹೋದರೆ ತಲೆ ಕೊಸರುತ್ತಿದ್ದಳು. ಅದನ್ನು ನಾನು 'ಹಠ' ಅನ್ನುವ ಖಾತೆಗೆ ಬರೆದಿದ್ದೆ. ಕಿವಿಗೆ ಔಷಧಿ ಹಾಕಿ ಎರಡು ವಾರ ಕಳೆದ ಮೇಲೆ ಆ ಹಠ ಕಾಣಲಿಲ್ಲ.

ನಿಮ್ಮ ನಾಯಿ ಇದ್ದಕ್ಕಿದ್ದಂತೆ ಸಿಡುಕಲು ಶುರು ಮಾಡಿದರೆ, ಮುಟ್ಟಿದರೆ ಗುರ್ ಅಂದರೆ, ಕಲಿತದ್ದನ್ನು ಮಾಡದಿದ್ದರೆ, ಮನೆಯೊಳಗೆ ಉಚ್ಚೆ ಹೊಯ್ದರೆ, ಮೊದಲು ನೋವು ಇದೆಯಾ ನೋಡಿಸಿ. ಕಿವಿ, ಹಲ್ಲು, ಸೊಂಟದ ಕೀಲು, ಹೊಟ್ಟೆ, ಮೂತ್ರದ ಸೋಂಕು ಇವೆಲ್ಲ ನಡವಳಿಕೆಯ ವೇಷ ಹಾಕಿಕೊಂಡು ಬರುತ್ತವೆ. ನೋಯುತ್ತಿರುವ ನಾಯಿಗೆ ಯಾವ ಪಾಠವೂ ಹತ್ತುವುದಿಲ್ಲ.

ಟ್ರೇನರನ್ನು ಹುಡುಕುವಾಗ

ಬಹಳಷ್ಟು ದೇಶಗಳಲ್ಲಿ ನಾಯಿ ಟ್ರೇನರ್ ಆಗಲು ಲೈಸೆನ್ಸ್ ಬೇಕಿಲ್ಲ. ನಾಳೆ ಬೆಳಗ್ಗೆ ನಾನೂ ಬೋರ್ಡು ಹಾಕಬಹುದು. ಹಾಗಾಗಿ ಪರಿಶೀಲನೆ ನಿಮ್ಮ ಕೆಲಸ. ಸರ್ಟಿಫಿಕೇಟು ಇದ್ದರೆ ಒಳ್ಳೆಯದು. ಪರೀಕ್ಷೆ ಬರೆಸಿ, ಮತ್ತೆ ಮತ್ತೆ ಓದು ಮುಂದುವರಿಸಲು ಹೇಳುವ ಸಂಸ್ಥೆಗಳಿವೆ. ಸಿಪಿಡಿಟಿ-ಕೆಎ ಅನ್ನುವುದು ಅಂಥ ಒಂದು ಸಂಸ್ಥೆಯ ಸರ್ಟಿಫಿಕೇಟು. ಆದರೆ ಕಾಗದಕ್ಕಿಂತ ಜಾಸ್ತಿ ಹೇಳುವುದು ಅವರು ಕೊಡುವ ಉತ್ತರ. ನಾನು ಫೋನಿನಲ್ಲೇ ಕೇಳಿದ್ದು ಇಷ್ಟು: ನಾಯಿಗೆ ನೀವು ಹೇಳಿದ್ದು ಅರ್ಥವಾಗದಿದ್ದರೆ ಏನು ಮಾಡುತ್ತೀರಿ? ಅದರ ಕತ್ತಿಗೆ ಏನು ಹಾಕಿಸುತ್ತೀರಿ? ನಾನು ಒಬ್ಬಳೇ ಬಂದು ನಿಮ್ಮ ಒಂದು ಕ್ಲಾಸ್ ನೋಡಬಹುದಾ?

ಒಬ್ಬರು "ಅರ್ಥ ಆಗುವ ಹಾಗೆ ಮಾಡ್ತೀನಿ ಬಿಡಿ" ಎಂದು ನಕ್ಕರು. ಆ ನಗುವಿಗೇ ಫೋನ್ ಇಟ್ಟೆ. ಇನ್ನೊಬ್ಬರು 10 ದಿನದಲ್ಲಿ ಗ್ಯಾರಂಟಿ ಅಂದರು. ಜೀವ ಇರುವ ಪ್ರಾಣಿಯ ಬಗ್ಗೆ ಗ್ಯಾರಂಟಿ ಕೊಡುವವರ ಹತ್ತಿರ ಹೋಗಬೇಡಿ. ನಾಯಿಯನ್ನು ತಿಂಗಳುಗಟ್ಟಲೆ ತಮ್ಮಲ್ಲೇ ಇಟ್ಟುಕೊಂಡು 'ರೆಡಿ ಮಾಡಿ' ಕೊಡುತ್ತೇವೆ ಅನ್ನುವವರ ಬಗ್ಗೆಯೂ ನನಗೆ ಅನುಮಾನ. ಅಲ್ಲಿ ಏನು ನಡೆಯುತ್ತದೆ ಅಂತ ನೋಡುವವರು ಯಾರೂ ಇರುವುದಿಲ್ಲ. ಮೇಲಾಗಿ ನಾಯಿ ಕಲಿತು ಬರುತ್ತದೆ, ನಾವು ಕಲಿತಿರುವುದಿಲ್ಲ.

ಕೊನೆಗೆ ಸಿಕ್ಕವರು "ಇದರಿಂದ ನಾನು ಹೇಳಿಕೊಟ್ಟದ್ದರಲ್ಲಿ ಏನೋ ತಪ್ಪಿದೆ ಅಂತ ಗೊತ್ತಾಗುತ್ತೆ, ಇನ್ನೂ ಸುಲಭ ಮಾಡಿ ಕೇಳ್ತೀನಿ" ಅಂದರು. ಕ್ಲಾಸ್ ನೋಡಲೂ ಕರೆದರು. ಅಲ್ಲಿ ನಾನು ನೋಡಿದ್ದು ಬಾಲಗಳನ್ನು. ಆರು ನಾಯಿಗಳಿದ್ದವು, ಒಂದರ ಬಾಲವೂ ಕಾಲಿನ ನಡುವೆ ಸೇರಿರಲಿಲ್ಲ. ನೀವೂ ಹೋದರೆ ಟ್ರೇನರ್ ಮಾತಿಗಿಂತ ನಾಯಿಗಳ ಮೈ ನೋಡಿ. ಹಸಿವಿಲ್ಲದೆ ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸುವುದು, ಮೈ ಮರದ ಹಾಗೆ ಸೆಟೆಯುವುದು ಇವೆಲ್ಲ ಕಷ್ಟದ ಗುರುತು.

ನನಗೇ ಪಾಠ

ಮೊದಲ ದಿನ ಅವರು ಶಾಯಿಯ ಲೀಶ್, ಅಂದರೆ ಹಿಡಿದು ನಡೆಸುವ ಪಟ್ಟಿ, ಮುಟ್ಟಲೇ ಇಲ್ಲ. ಅವಳನ್ನು ಒಳಗಿನ ಕೋಣೆಯಲ್ಲಿ ಬಿಟ್ಟು ಬನ್ನಿ ಅಂದರು. ಆಮೇಲೆ ನನ್ನನ್ನು ಹೊರಗೆ ಕಳಿಸಿ, ಅಮ್ಮ ಮತ್ತು ಮಗಳ ಜೊತೆ ಏನೋ ಪಿಸುಗುಟ್ಟಿದರು. ನಾನು ಒಳಗೆ ಬಂದು ಅವರು ಮನಸ್ಸಿನಲ್ಲಿ ಅಂದುಕೊಂಡ ಒಂದು ಕೆಲಸ ಮಾಡಬೇಕು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲ ಸುತ್ತಿನಲ್ಲಿ ನಾನು ತಪ್ಪು ಮಾಡಿದಾಗ ಮಾತ್ರ ಮಗಳು "ಅಲ್ಲ" ಅನ್ನಬೇಕು. ಕುರ್ಚಿ ಮುಟ್ಟಿದೆ, ಅಲ್ಲ. ಕಿಟಕಿಗೆ ಹೋದೆ, ಅಲ್ಲ. ಕೈ ಎತ್ತಿದೆ, ಅಲ್ಲ. ಎಂಟೋ ಒಂಬತ್ತೋ "ಅಲ್ಲ" ಆದ ಮೇಲೆ ಕೋಣೆಯ ನಡುವೆ ಸುಮ್ನೆ ನಿಂತುಬಿಟ್ಟೆ. ಸಿಟ್ಟೂ ಬಂದಿತ್ತು. ಎರಡನೇ ಸುತ್ತಿನಲ್ಲಿ ಬೇರೆ ಕೆಲಸ, ಈ ಸಲ ಸರಿಯಾದ ಕಡೆ ಹೋದಾಗ ಮಾತ್ರ ಒಂದು ಕ್ಲಿಕ್. ಎಡಕ್ಕೆ ತಿರುಗಿದೆ, ಕ್ಲಿಕ್. ಕಪಾಟಿನ ಕಡೆ ಹೆಜ್ಜೆ ಇಟ್ಟೆ, ಕ್ಲಿಕ್. ಒಂದು ನಿಮಿಷವೂ ಆಗಿರಲಿಲ್ಲ, ಕಪಾಟಿನ ಮೇಲಿದ್ದ ಟೋಪಿ ನನ್ನ ತಲೆ ಮೇಲಿತ್ತು. ಮಗಳು ಬಿದ್ದು ಬಿದ್ದು ನಕ್ಕಳು.

"ಮೊದಲ ಸುತ್ತಿನಲ್ಲಿ ಸುಮ್ಮನೆ ನಿಂತಿರಲ್ಲ, ಆಗ ನೀವು 'ಒಳ್ಳೆ ನಾಯಿ' ಥರ ಕಾಣ್ತಿದ್ರಿ" ಅಂದರು ಟ್ರೇನರ್. ಚೈನಿನ ಮೂರು ವಾರ ಶಾಯಿ ಯಾಕೆ ಶಾಂತವಾಗಿದ್ದಳು ಅಂತ ನನಗೆ ಆಗ ಹೊಳೆಯಿತು. ಅವಳು ಕಲಿತಿರಲಿಲ್ಲ. ಏನು ಮಾಡಲೂ ಹೆದರಿ ನಿಂತುಬಿಟ್ಟಿದ್ದಳು.

ನಾಯಿ ಸಾಕುವ ಎಲ್ಲರೂ ಈ ಆಟವನ್ನು ಮನೆಯವರ ಜೊತೆ ಒಮ್ಮೆ ಆಡಿ ನೋಡಿ. ಖರ್ಚಿಲ್ಲ. ತಪ್ಪು ತೋರಿಸಿದರೆ ಸಾವಿರ ದಾರಿಯಲ್ಲಿ ಒಂದು ಮುಚ್ಚುತ್ತದೆ, ಅಷ್ಟೇ. ಸರಿ ತೋರಿಸಿದರೆ ಹೋಗಬೇಕಾದ ದಾರಿಯೇ ಕಾಣುತ್ತದೆ.

'ಭೇಷ್' ಅನ್ನುವ ಮಾತು

ಆಟದಲ್ಲಿ ಕ್ಲಿಕ್ ಅಂದದ್ದು ಕ್ಲಿಕ್ಕರ್, ಅಂದರೆ ಬೆರಳಲ್ಲಿ ಒತ್ತಿದರೆ ಟಕ್ ಅನ್ನುವ ಪುಟ್ಟ ಡಬ್ಬಿ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲರ್ ಮತ್ತು ಮೇರಿಯನ್ ಬ್ರೆಲಂಡ್ ದಂಪತಿ 1940ರ ದಶಕದಲ್ಲೇ ಇಂಥ ಸದ್ದು ಬಳಸಿ ಪ್ರಾಣಿಗಳಿಗೆ ಕಲಿಸುತ್ತಿದ್ದರು. ಆಮೇಲೆ ಡಾಲ್ಫಿನ್‌ಗಳಿಗೆ ಸೀಟಿ ಊದಿ, ಮೀನು ಕೊಟ್ಟು ಕಲಿಸಿದರು. ಡಾಲ್ಫಿನ್ನಿಗೆ ಚೈನ್ ಹಾಕಿ ಜಗ್ಗಲು ಆಗುವುದಿಲ್ಲವಲ್ಲ, ಮನಸ್ಸಿಲ್ಲದಿದ್ದರೆ ಅದು ಈಜಿ ಆಚೆ ಹೋಗುತ್ತದೆ. ಅಷ್ಟು ದೊಡ್ಡ ಪ್ರಾಣಿಗೆ ಸೀಟಿ ಸಾಕಾದರೆ ನಮ್ಮ ನಾಯಿಗೆ ಯಾಕೆ ಸಾಲದು?

ನನ್ನ ಕೈಯಲ್ಲಿ ಲೀಶ್, ಟ್ರೀಟ್ (ಬಹುಮಾನದ ತಿಂಡಿ) ಚೀಲ, ಕ್ಲಿಕ್ಕರ್ ಮೂರೂ ನಿಲ್ಲುತ್ತಿರಲಿಲ್ಲ. ಅದಕ್ಕೆ ಬದಲು ಒಂದು ಮಾತು ಇಟ್ಟುಕೊಂಡೆ: "ಭೇಷ್!" ಚಿಕ್ಕದು, ಚುರುಕಾದದ್ದು, ಮಾತುಕತೆಯಲ್ಲಿ ಸುಮ್ಮಸುಮ್ಮನೆ ಬಾಯಿಗೆ ಬರುವಂಥದ್ದಲ್ಲ. ನೀವು ಯಾವ ಮಾತನ್ನಾದರೂ ಇಟ್ಟುಕೊಳ್ಳಿ, ಆದರೆ ಮನೆಯವರೆಲ್ಲ ಒಂದನ್ನೇ ಬಳಸಿ.

ಶುರು ಮಾಡುವುದು ಹೀಗೆ. ಸದ್ದುಗದ್ದಲ ಇಲ್ಲದ ಕೋಣೆ, ನಾಯಿಗೆ ತುಸು ಹಸಿವು ಇರುವ ಹೊತ್ತು. "ಭೇಷ್" ಅನ್ನಿ, ಒಂದು ಸೆಕೆಂಡಿನೊಳಗೆ ಒಂದು ತುಣುಕು ಕೊಡಿ. ನಾಯಿ ಏನೂ ಮಾಡಬೇಕಾಗಿಲ್ಲ. ಹೀಗೆ 10-15 ಸಲ. ಆಮೇಲೆ ಅದು ಬೇರೆಲ್ಲೋ ನೋಡುತ್ತಿರುವಾಗ "ಭೇಷ್" ಅನ್ನಿ. ಥಟ್ಟನೆ ನಿಮ್ಮ ಕಡೆ ತಿರುಗಿತೋ, ಮಾತಿಗೆ ಬೆಲೆ ಬಂದಿದೆ ಅಂತ ಲೆಕ್ಕ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿಗಳಿಗೆ ಸದ್ದು ಕೇಳಿದ ಕೂಡಲೇ ಜೊಲ್ಲು ಸುರಿದದ್ದೂ ಇದೇ ಕಾರಣಕ್ಕೆ, ಸದ್ದು ಮೊದಲು, ಊಟ ಆಮೇಲೆ. ಈ ಕ್ರಮ ತಿರುಗುಮುರುಗು ಆಗಬಾರದು. ಕೈ ಚೀಲಕ್ಕೆ ಮೊದಲೇ ಹೋದರೆ ನಾಯಿ ಕೈಯನ್ನು ನೋಡುತ್ತದೆ, ಮಾತು ವ್ಯರ್ಥ. ನಾನು ಇದರಲ್ಲಿ ಬಹಳ ದಿನ ಎಡವಿದೆ.

ಹೊತ್ತಿಗೆ ಸರಿಯಾಗಿ ಹೇಳುವ ಅಭ್ಯಾಸವನ್ನು ನಾಯಿ ಇಲ್ಲದೆಯೇ ಮಾಡಬೇಕು. ಮಗಳು ಚೆಂಡನ್ನು ಎಸೆಯುತ್ತಿದ್ದಳು, ಅದು ನೆಲ ಮುಟ್ಟುವ ಕ್ಷಣದಲ್ಲೇ ನಾನು "ಭೇಷ್" ಅನ್ನಬೇಕು. ಹತ್ತರಲ್ಲಿ ನಾಲ್ಕು ಸರಿಹೋದವು. ಅಂದರೆ ಅಷ್ಟು ದಿನ ಶಾಯಿ ಕೂತದ್ದಕ್ಕೆ ಅಂತ ನಾನು ಕೊಟ್ಟ ಟ್ರೀಟುಗಳಲ್ಲಿ ಅರ್ಧಕ್ಕರ್ಧ ಅವಳು ಮತ್ತೆ ಏಳುವಾಗ ಸಿಕ್ಕಿದ್ದವು. ಅವಳ ಲೆಕ್ಕದಲ್ಲಿ ಅದು ಏಳುವುದಕ್ಕೆ ಸಿಕ್ಕ ಸಂಬಳ.

ಟ್ರೀಟ್ ವಿಷಯ ಬೇಗ ಮುಗಿಸುತ್ತೇನೆ. ಅರ್ಧ ಬಟಾಣಿಯಷ್ಟು ಸಾಕು. ನಾಯಿ ತುಣುಕನ್ನು ಎಣಿಸುತ್ತದೆ, ತೂಕ ಹಾಕುವುದಿಲ್ಲ. ಉಪ್ಪು ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ, ಕ್ಯಾರೆಟ್ ನಡೆಯುತ್ತದೆ. ಮನೆಯಲ್ಲಿ ಸಾದಾ ತುಣುಕು, ಹೊರಗೆ ಕಷ್ಟದ ಜಾಗದಲ್ಲಿ ಕೋಳಿ. ದಿನದ ಒಟ್ಟು ಆಹಾರದಲ್ಲಿ ಟ್ರೀಟಿನ ಪಾಲು ನೂರಕ್ಕೆ 10 ದಾಟಬಾರದು ಅಂತ ಪಶುವೈದ್ಯರು ಹೇಳುತ್ತಾರೆ. ಜಾಸ್ತಿ ಕಲಿಸುವ ದಿನ ಅವಳ ಮಾಮೂಲಿ ಊಟದಿಂದಲೇ ಒಂದು ಪಾಲು ತೆಗೆದಿಡುತ್ತೇನೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಝೈಲಿಟಾಲ್ ಅನ್ನುವ ಸಿಹಿ ಹಾಕಿದ ಯಾವುದೂ ನಾಯಿಯ ಬಾಯಿಗೆ ಬೀಳಬಾರದು, ವಿಷ.

ಕೂರಿಸುವುದು, ಕರೆಯುವುದು

ಕೂರಲು ಕಲಿಸುವುದಕ್ಕೆ ಸೊಂಟ ಒತ್ತಬೇಡಿ. ತುಣುಕನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ಹಣೆಯ ಮೇಲೆ, ಹಿಂದಕ್ಕೆ ಒಯ್ಯಿರಿ. ತಲೆ ಮೇಲೆ ಹೋದಂತೆ ಹಿಂಭಾಗ ತಾನೇ ಕೆಳಗೆ ಬರುತ್ತದೆ. ನೆಲ ಮುಟ್ಟಿದ ಕೂಡಲೇ ಭೇಷ್, ತುಣುಕು. ಐದಾರು ಸಲ ಆದ ಮೇಲೆ ಬರಿಗೈಯಲ್ಲೇ ಅದೇ ಸನ್ನೆ ಮಾಡಿ, ತುಣುಕು ಇನ್ನೊಂದು ಕೈಯಿಂದ ಬರಲಿ. ಇಲ್ಲದಿದ್ದರೆ ನಾಯಿ ಲಂಚ ನೋಡಿದರೆ ಮಾತ್ರ ಕೆಲಸ ಮಾಡುವ ಗುಮಾಸ್ತನಾಗುತ್ತದೆ. ಕೆಲಸ ಮೊದಲು, ಸಂಬಳ ಆಮೇಲೆ ಇದ್ದರೆ ಲಂಚ ಅಲ್ಲ.

'ಕೂರು' ಅನ್ನುವ ಮಾತು ಬರುವುದು ಕೊನೆಗೆ. ಸನ್ನೆಗೆ ತಪ್ಪದೆ ಕೂರುವಾಗ, ಸನ್ನೆಗಿಂತ ಒಂದು ಕ್ಷಣ ಮುಂಚೆ ಮಾತು ಸೇರಿಸಿ. ಒಂದೇ ಸಲ ಹೇಳಿ. "ಕೂರು ಕೂರು ಕೂರು" ಅಂದರೆ ಮೂರನೇ ಸಲಕ್ಕೆ ಕೂರಬೇಕು ಅಂತ ಅದು ಕಲಿಯುತ್ತದೆ. ನಮ್ಮನೆಯಲ್ಲಿ ನಾನು "ಕೂರು", ಅಮ್ಮ "ಕೂತ್ಕೊಳ್ಳೇ ಮುದ್ದು", ಮಗಳು "ಸಿಟ್". ಶಾಯಿ ಮೂವರ ಮುಖ ನೋಡುತ್ತಿದ್ದಳು. ಟ್ರೇನರ್ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದರು: ಕೂರು, ಬಾ, ಬಿಡು, ತಿರುಗು. ನಾಲ್ಕೇ ಮಾತು.

ಒಂದು ಪಾಠಕ್ಕೆ ಮೂರರಿಂದ ಐದು ನಿಮಿಷ ಸಾಕು, ದಿನಕ್ಕೆ ಎರಡು ಮೂರು ಸಲ. ಹತ್ತು ಸಲ ಕೇಳಿದರೆ ಎಂಟು ಸಲ ಸರಿ ಬಂದಾಗ ಸ್ವಲ್ಪ ಕಷ್ಟ ಮಾಡಿ. ಐದಕ್ಕಿಂತ ಕಡಿಮೆ ಬಂದರೆ ಸುಲಭ ಮಾಡಿ. ಕಷ್ಟ ಮಾಡುವಾಗಲೂ ಒಂದೊಂದನ್ನೇ. ಹೆಚ್ಚು ಹೊತ್ತು ಕೂರಬೇಕಾದರೆ ನೀವು ಹತ್ತಿರ ನಿಲ್ಲಿ. ದೂರ ಹೋಗುವುದಾದರೆ ಒಂದೇ ಸೆಕೆಂಡು ಕೇಳಿ. ಮನೆಯಲ್ಲಿ ಕಲಿತದ್ದು ಹೊರಗೆ ಬಂದ ಕೂಡಲೇ ಮರೆತುಹೋಗುತ್ತದೆ. ಅದು ಕೊಬ್ಬಲ್ಲ, ಜಾಗ ಬದಲಾದರೆ ನಾಯಿಗೆ ಪಾಠವೂ ಹೊಸದು.

ಕರೆದಾಗ ಬರುವುದರ ಬಗ್ಗೆ ಒಂದೇ ನಿಯಮ ಹೇಳುತ್ತೇನೆ. ನಾಯಿಗೆ ಇಷ್ಟವಿಲ್ಲದ್ದಕ್ಕೆ "ಬಾ" ಬಳಸಬೇಡಿ. ಸ್ನಾನ ಮಾಡಿಸಲು, ಉಗುರು ಕತ್ತರಿಸಲು, ಆಟ ಮುಗಿಸಿ ಮನೆಗೆ ಎಳೆದೊಯ್ಯಲು "ಬಾ" ಅಂದರೆ ಆ ಮಾತು ಕೆಟ್ಟುಹೋಗುತ್ತದೆ. ಅದಕ್ಕೆಲ್ಲ ನೀವೇ ಎದ್ದು ಹೋಗಿ. ಹತ್ತು ನಿಮಿಷ ಸತಾಯಿಸಿ ಬಂದರೂ ಬೈಯಬೇಡಿ. ಅದು ಕೊನೆಗೆ ಮಾಡಿದ್ದು 'ಬಂದದ್ದು'. ಬೈಗುಳ ಅದಕ್ಕೇ ಸೇರುತ್ತದೆ.

ಗದರದೆ ಕಲಿಸುವುದು ಅಂದರೆ ಎಲ್ಲದಕ್ಕೂ ಬಿಡುವುದು ಅಂತ ಕೆಲವರು ತಿಳಿದಿದ್ದಾರೆ. ಹಾಗಲ್ಲ. ಚಪ್ಪಲಿ ಕಚ್ಚುತ್ತದೆಯೇ? ಚಪ್ಪಲಿ ಎತ್ತಿಡಿ, ಕಚ್ಚಲು ಬೇರೆ ಕೊಡಿ. ಮೈಮೇಲೆ ಹಾರುತ್ತದೆಯೇ? ಹಾರಿದಾಗ ಮುಖ ತಿರುಗಿಸಿ, ನಾಲ್ಕೂ ಕಾಲು ನೆಲದಲ್ಲಿದ್ದಾಗ ಮಾತಾಡಿಸಿ. ಊಟದ ಮೇಜಿನ ಹತ್ತಿರ ಶಾಯಿ ಬೊಗಳಿ ಬೇಡುತ್ತಿದ್ದಳು, ಅಮ್ಮ ಕದ್ದು ಕೊಡುತ್ತಿದ್ದಳು. ಕೊಡುವುದನ್ನು ನಿಲ್ಲಿಸಿದ ಮೊದಲ ನಾಲ್ಕು ದಿನ ಬೊಗಳುವುದು ಹೆಚ್ಚಾಯಿತು. ಇದು ಆಗಿಯೇ ಆಗುತ್ತದೆ, ತಿಳಿದಿರಲಿ. ದುಡ್ಡು ಹಾಕಿದರೂ ಡಬ್ಬಿ ಬೀಳದ ಮೆಷಿನನ್ನು ನಾವು ಗುದ್ದುವುದಿಲ್ಲವೇ, ಹಾಗೆ. ಆ ಹೊತ್ತಿಗೆ ಸೋತು ಒಂದು ತುತ್ತು ಕೊಟ್ಟರೆ, ಇನ್ನೂ ಜೋರಾಗಿ ಬೊಗಳಿದರೆ ಸಿಗುತ್ತದೆ ಅಂತ ಕಲಿಸಿದಂತೆ. ಐದನೇ ದಿನ ಅವಳು ಚಾಪೆಯ ಮೇಲೆ ಹೋಗಿ ಮಲಗಿದಳು. ತುತ್ತು ಅಲ್ಲಿಗೇ ಹೋಯಿತು.

ಸೈಕಲ್ಲಿನ ಲೆಕ್ಕ

ಈಗ ಮುಖ್ಯ ಕಷ್ಟಕ್ಕೆ ಬರುತ್ತೇನೆ. ಸೈಕಲ್, ಬೇರೆ ನಾಯಿ, ಅಪರಿಚಿತರು, ಯಾವುದಕ್ಕೇ ಹೆದರಿ ಬೊಗಳುವ ನಾಯಿಗಾದರೂ ಲೆಕ್ಕ ಇದೇ. ಇದನ್ನು ಮಾತ್ರ ಒಬ್ಬರೇ ಮಾಡಲು ಹೋಗಬೇಡಿ. ಪಕ್ಕದಲ್ಲಿ ತಿಳಿದವರ ಕಣ್ಣು ಬೇಕು.

ಮೊದಲು ಕತ್ತಿನ ಚೈನ್ ಹೋಯಿತು. ಎದೆಗೆ ಹಾಕುವ ಹಾರ್ನೆಸ್, 3 ಮೀಟರ್ ಲೀಶ್ ಬಂದವು. ಎರಡು ವಾರ ಸೈಕಲ್ ಓಡಾಡದ ಹೊತ್ತಿನಲ್ಲಿ ಮಾತ್ರ ಹೊರಗೆ ಹೋದೆವು. ಬೊಗಳುವುದೂ ಒಂದು ಅಭ್ಯಾಸ, ಮಾಡಿದಷ್ಟೂ ಗಟ್ಟಿ ಆಗುತ್ತದೆ. ಅದಕ್ಕೆ ಅವಕಾಶವನ್ನೇ ತಪ್ಪಿಸಿದೆವು.

ಆಮೇಲೆ ಅಳತೆ. ಎಷ್ಟು ದೂರದಲ್ಲಿ ಸೈಕಲ್ ಇದ್ದರೆ ಶಾಯಿ ನೋಡುತ್ತಾಳೆ ಆದರೆ ಸೆಟೆಯುವುದಿಲ್ಲ? ನಾನು 15 ಮೀಟರ್ ಅಂದುಕೊಂಡಿದ್ದೆ. ಟ್ರೇನರ್ ಅವಳ ಕಿವಿ, ಬಾಯಿ ನೋಡಿ ಹಿಂದೆ ಹಿಂದೆ ಕರೆದೊಯ್ದರು. 40 ಮೀಟರಿಗೆ ಬಂದು ನಿಂತೆವು. ಬಾಯಿ ಸಡಿಲವಾಗಿ ತೆರೆದಿತ್ತು, ಕೋಳಿ ತಿಂದಳು. ನಾಯಿ ಹಸಿದಿದ್ದೂ ಇಷ್ಟದ ತಿಂಡಿ ತಿನ್ನುತ್ತಿಲ್ಲ ಅಂದರೆ ಹತ್ತಿರ ಜಾಸ್ತಿ ಆಗಿದೆ ಅಂತಲೇ ಅರ್ಥ.

ಸೈಕಲ್ ಕಾಣಿಸಿತು, ಅವಳು ನೋಡಿದಳು, ಕೋಳಿ ಶುರು. ಸೈಕಲ್ ಮರೆಯಾಯಿತು, ಕೋಳಿ ನಿಂತಿತು. ಇಷ್ಟೇ. ಕೂರು ಅನ್ನಬೇಡಿ, ನನ್ನ ನೋಡು ಅನ್ನಬೇಡಿ. ಸೈಕಲ್ ಬಂದರೆ ಕೋಳಿ ಬರುತ್ತದೆ ಅನ್ನುವ ಹೊಸ ನಂಟು ಕಟ್ಟಬೇಕು, ಆ ಕ್ರಮದಲ್ಲೇ. ಕೋಳಿ ಮೊದಲು ಬಂದರೆ ಲೆಕ್ಕ ಉಲ್ಟಾ. ಕೋಳಿ ಕಂಡಾಗಲೇ ಎಲ್ಲೋ ಸೈಕಲ್ ಇದೆ ಅಂತ ಹೆದರಲು ಕಲಿಯುತ್ತದೆ.

"ಬೊಗಳುವ ನಾಯಿಗೆ ತಿಂಡಿ ಕೊಟ್ಟರೆ ಬೊಗಳಲು ಕಲಿಸಿದ ಹಾಗಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ನಾನೂ ಕೇಳಿದ್ದೆ. ಶಾಯಿ ಬೊಗಳುತ್ತಿದ್ದದ್ದು ಭಯಕ್ಕೆ. ಭಯದಲ್ಲಿರುವವರಿಗೆ ಊಟ ಕೊಟ್ಟರೆ ಭಯ ಬೆಳೆಯುವುದಿಲ್ಲ. ಭಯ ಇಳಿದರೆ ಬೊಗಳಲು ಕಾರಣ ಉಳಿಯುವುದಿಲ್ಲ. ಅಲ್ಲದೆ ಈ ಪಾಠ ಸರಿಯಾಗಿ ನಡೆದರೆ ಬೊಗಳುವ ಹಂತಕ್ಕೇ ಹೋಗುವುದಿಲ್ಲ, ಅಷ್ಟು ದೂರದಲ್ಲೇ ಇರುತ್ತೀರಿ.

ನಾನು ಪುಸ್ತಕ ಇಟ್ಟೆ. ತಾರೀಖು, ಎಷ್ಟು ಮೀಟರ್, ಎಷ್ಟು ಸೈಕಲ್, ತಿಂದಳಾ, ಮೈ ಹೇಗಿತ್ತು. ನನಗೆ ಅಭ್ಯಾಸದಂತೆ 'ಆಕ್ಷೇಪಣೆ' ಅಂತ ಒಂದು ಕಾಲಂ ಇತ್ತು. ಎರಡನೇ ವಾರ ಟ್ರೇನರ್ ಪುಸ್ತಕ ನೋಡಿ ಆ ಕಾಲಮ್ಮಿನ ಮೇಲೆ ಗೆರೆ ಎಳೆದು, "ಇವತ್ತು ಏನು ಸರಿ ಮಾಡಿದಳು" ಅಂತ ಬರೆದರು. ಮೊದಲ ದಿನ ಅರ್ಧ ಗಂಟೆ ಪೆನ್ನು ಹಿಡಿದು ಕೂತೆ. "ಬಾಗಿಲಲ್ಲಿ ನೂಕಲಿಲ್ಲ" ಅಂತ ಬರೆದೆ. ಮರುದಿನ ಮೂರು ಸಾಲು. ತಿಂಗಳ ಕೊನೆಗೆ ಕಾಲಂ ಸಾಲದೆ ಹಿಂದಿನ ಪುಟಕ್ಕೂ ಹೋಯಿತು.

40 ಮೀಟರಿನಿಂದ 30ಕ್ಕೆ ಮೂರು ವಾರ. 30ರಿಂದ 20ಕ್ಕೆ ಒಂದೂವರೆ ತಿಂಗಳು. ಹೀಗೆ ಬರೆದರೆ ನೇರ ಇಳಿದಂತೆ ಕಾಣುತ್ತದೆ, ಇಳಿಯಲಿಲ್ಲ. ಒಂದು ದಿನ ತಿರುವಿನಲ್ಲಿ ಸೈಕಲ್ ಮುಖಾಮುಖಿ ಬಂತು, 3 ಮೀಟರ್ ಕೂಡ ಇರಲಿಲ್ಲ. ಶಾಯಿ ಹಳೆಯ ಶಾಯಿಯೇ ಆದಳು. ಅಂಥ ಹೊತ್ತಿನಲ್ಲಿ ಕಲಿಸಲು ಹೋಗಬೇಡಿ, ಜಾಗ ಬಿಡಿ. "ತಿರುಗು" ಅನ್ನುವ ನಾಲ್ಕನೇ ಮಾತು ಇದ್ದದ್ದು ಇದಕ್ಕೇ. ಮನೆಯೊಳಗೆ ಆಟದಂತೆ ನೂರಾರು ಸಲ ಮಾಡಿಸಿದ್ದೆವು, ತಿರುಗಿ ನನ್ನ ಜೊತೆ ಓಡಿದರೆ ಕೋಳಿ. ಅವತ್ತು ಮೂರನೇ ಸಲಕ್ಕೆ ತಿರುಗಿದಳು. ಮುಂದಿನ ಮೂರು ದಿನ ಸೈಕಲ್ ಪಾಠ ಬಂದ್, ಮನೆಯಲ್ಲೇ ತಿಂಡಿ ಹುಡುಕುವ ಆಟ. ಅಷ್ಟು ಹೆದರಿದ ಮೈ ತಣ್ಣಗಾಗಲು ದಿನಗಳು ಬೇಕು. ಮತ್ತೆ 35ರಿಂದ ಶುರು.

ಕಚ್ಚಿದ ನಾಯಿ ಆದ್ದರಿಂದ ಬಾಯಿಕುಕ್ಕೆಯನ್ನೂ ಕಲಿಸಿದೆವು. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗುವ ಬುಟ್ಟಿಯಂಥದ್ದೇ ಬೇಕು. ಒಳಗೆ ತಿಂಡಿ ಹಚ್ಚಿ ಅವಳೇ ಮೂತಿ ಹಾಕುವವರೆಗೆ ಕಾದೆವು. ಪಟ್ಟಿ ಕಟ್ಟಲು ಎರಡು ವಾರ ತೆಗೆದುಕೊಂಡೆವು. ನೋಡಿದವರು ಅಯ್ಯೋ ಅನ್ನುತ್ತಾರೆ. ಅನ್ನಲಿ, ಅವರು ದೂರ ನಿಲ್ಲುತ್ತಾರೆ, ನಮಗೆ ಬೇಕಾದದ್ದೂ ಅದೇ.

ಟ್ರೇನರ್ ಮನೆಗೆ ಬಂದದ್ದು ಒಟ್ಟು ಏಳು ಸಲ. ನಡುವೆ ನಾನು ವಿಡಿಯೋ ಕಳಿಸುತ್ತಿದ್ದೆ, ಅವರು ನನ್ನ ಕೈ ಯಾವಾಗ ಚೀಲಕ್ಕೆ ಹೋಯಿತು ಅಂತ ಸೆಕೆಂಡು ಗುರುತು ಹಾಕಿ ವಾಪಸ್ ಕಳಿಸುತ್ತಿದ್ದರು. ಆಡಿಟರಿಗೇ ಆಡಿಟ್. ತಿಂಗಳುಗಟ್ಟಲೆ ಮಾಡಿದರೂ ದೂರ ಇಳಿಯದಿದ್ದರೆ, ನಾಯಿ ಒಬ್ಬಂಟಿಯಾದಾಗ ಬಾಗಿಲು ಕೆರೆದು ರಕ್ತ ಮಾಡಿಕೊಂಡರೆ, ಮನೆಯವರನ್ನೇ ಮತ್ತೆ ಮತ್ತೆ ಕಚ್ಚಿದರೆ, ಒಳ್ಳೆಯ ಟ್ರೇನರ್ ತಾವೇ ನಡವಳಿಕೆ ತಜ್ಞ ಪಶುವೈದ್ಯರ ಹತ್ತಿರ ಕಳಿಸುತ್ತಾರೆ. ಅವರು ಔಷಧಿಯನ್ನೂ ಬರೆಯಬಹುದು. ಔಷಧಿ ಅಂದರೆ ಸೋಲಲ್ಲ. ಭಯದಲ್ಲಿ ಮುಳುಗಿರುವ ತಲೆಯನ್ನು ಪಾಠ ಕೇಳುವಷ್ಟು ಮೇಲೆತ್ತುತ್ತದೆ.

ಮರಿ ತರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. 3 ವಾರದಿಂದ ಸುಮಾರು 14 ವಾರದವರೆಗೆ ಮರಿ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅದಕ್ಕೆ ಜೀವನಪೂರ್ತಿ ಮಾಮೂಲಿ ಆಗುತ್ತದೆ. ಎಲ್ಲ ಚುಚ್ಚುಮದ್ದು ಮುಗಿಯಲಿ ಅಂತ ಮನೆಯಲ್ಲೇ ಮುಚ್ಚಿಟ್ಟರೆ ಆ ಕಿಟಕಿ ಮುಚ್ಚಿಹೋಗುತ್ತದೆ. ಮೊದಲ ಚುಚ್ಚುಮದ್ದು ಆಗಿ ಒಂದು ವಾರವಾದ ಮೇಲೆ ಯಾವ ಜಾಗ ಸುರಕ್ಷಿತ ಅಂತ ವೈದ್ಯರನ್ನು ಕೇಳಿ, ಎತ್ತಿಕೊಂಡಾದರೂ ಲೋಕ ತೋರಿಸಿ. ಶಾಯಿಗೆ ಆ ದಿನಗಳಲ್ಲಿ ಯಾರು ಏನು ತೋರಿಸಿದರೋ.

ಎಂಟನೇ ತಿಂಗಳು. ಸಂಜೆ ಹೊತ್ತು, ಅಮ್ಮನೂ ಜೊತೆಗಿದ್ದಳು. ಸೈಕಲ್ ಬಂತು, 8 ಮೀಟರ್ ಇರಬಹುದು. ಶಾಯಿ ಸೈಕಲ್ ನೋಡಿದಳು. ಆಮೇಲೆ ನಾನು ಕರೆಯದೆಯೇ ತಿರುಗಿ ನನ್ನ ಮುಖ ನೋಡಿದಳು. ಎಂಟು ತಿಂಗಳು ಕಾದ ನೋಟ ಅದು. ನನ್ನ ಬಾಯಿಂದ ಮಾತೇ ಬರಲಿಲ್ಲ, ಬಾಯಿ ತೆರೆದುಕೊಂಡೇ ನಿಂತೆ. ಹಿಂದಿನಿಂದ ಅಮ್ಮ, ಸರಿಯಾದ ಸೆಕೆಂಡಿಗೆ, "ಭೇಷ್!" ಅಂದಳು. ಶಾಯಿ ನನ್ನನ್ನು ಬಿಟ್ಟು ಅಮ್ಮನ ಹತ್ತಿರ ಓಡಿದಳು. ಅಮ್ಮನ ಕೈಯಲ್ಲಿ ಏನೂ ಇರಲಿಲ್ಲ. "ಬೇಗ ಕೊಡೇ, ಸೆಕೆಂಡು ದಾಟ್ತಿದೆ" ಅಂತ ನನ್ನನ್ನು ಗದರಿದಳು.